ಮರದ ಲೇಖನಿ ಮತ್ತು ಅದರೊಳಗಿನ ಅಂಟು

ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ನಾಲ್ಕು ದಾನಗಳಲ್ಲಿ ಶಾಸ್ತ್ರದಾನಕ್ಕೆ ಕನ್ನಡ ನಾಡಿನ ಶ್ರಾವಕರು ವಿಶೇಷ ಸ್ಥಾನವನ್ನು ಕೊಟ್ಟಿದ್ದಾರೆ. ಹತ್ತನೆಯ ಶತಮಾನದಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬ ಸಂಗತಿ ಸರ್ವವಿದಿತವಾಗಿದೆ. ಆ ಓಲೆಗಳನ್ನು ಕೊರೆದ ಕಬ್ಬಿಣದ ಕಂಠಕ್ಕೆ ಅಂಟಿನ ಅಗತ್ಯವಿರಲಿಲ್ಲ. ಅನಂತರ ಬಂದ ಲಾಳದ ಕಡ್ಡಿಯ ಲೇಖನಿಗೂ ಇರಲಿಲ್ಲ. ಇಂದು ಶ್ರುತಪಂಚಮಿಯ ದಿನ ಶಾಸ್ತ್ರಗ್ರಂಥದ ಪಕ್ಕದಲ್ಲಿ ಇರಿಸಲೆಂದೋ, ಪಾಠಶಾಲೆಯ ಮಕ್ಕಳಿಗೆ ಬಹುಮಾನವಾಗಿ ಕೊಡಲೆಂದೋ ಶ್ರಾವಕನೊಬ್ಬನು ಕೈಯಿಂದ ಕಡೆದ ಮರದ ಲೇಖನಿಯನ್ನು ಕೊಂಡುಕೊಂಡರೆ, ಅದರೊಳಗೆ ಮರಕ್ಕೂ ಹಿತ್ತಾಳೆಗೂ ನಡುವೆ ಕಣ್ಣಿಗೆ ಕಾಣದ ಒಂದು ಪದರವಿರುತ್ತದೆ. ಆ ಪದರ ಯಾವ ವಸ್ತುವಿನದು, ಅದು ಎಲ್ಲಿಂದ ಬಂದಿತು ಎಂಬ ಪ್ರಶ್ನೆ ಮೇಲುನೋಟಕ್ಕೆ ಅಲ್ಪವೆನಿಸಿದರೂ ಅದರ ಹಿಂದೆ ಸಾವಿರದ ಐನೂರು ವರ್ಷಗಳ ಚರಿತ್ರೆಯಿದೆ. ಅಹಿಂಸಾವ್ರತ, ಸತ್ಯವ್ರತ ಮತ್ತು ಅಚೌರ್ಯವ್ರತಗಳು ಮೂರೂ ಆ ಪ್ರಶ್ನೆಯಲ್ಲಿ ಬಂದು ಕೂಡುತ್ತವೆ.

ಮಂಡ್ಯ, ಮದ್ದೂರು, ಮಳವಳ್ಳಿಗಳ ವಾಚಕರಿಗೆ ಈ ವಿಷಯ ದೂರದ್ದೇನೂ ಅಲ್ಲ. ಮದ್ದೂರಿನಿಂದ ಬೆಂಗಳೂರಿನ ಕಡೆಗೆ ಸುಮಾರು 20 ಕಿಲೋಮೀಟರು ಸಾಗಿದರೆ ಬೊಂಬೆಗಳಿಗೆ ಹೆಸರಾದ ಚನ್ನಪಟ್ಟಣ ಸಿಗುತ್ತದೆ. ಆಲೆಮರವನ್ನು ಲೇತಿನ ಮೇಲೆ ಕಡೆದು, ಅರಗಿನ ಬಣ್ಣವನ್ನು ಏರಿಸುವ ಅಲ್ಲಿನ ಕುಶಲಕರ್ಮಿಗಳು ಬೊಂಬೆ, ಬಳೆ, ಕುಂಕುಮದ ಭರಣಿಗಳ ಜೊತೆಗೆ ಲೇಖನಿಗಳನ್ನೂ ಮಾಡುತ್ತಾರೆ. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರಲ್ಲಿ ವಿದ್ಯುತ್ ಉತ್ಪಾದನೆ ಆರಂಭವಾಯಿತು. ಹಿಂದೆ ಬಿಲ್ಲು ಹಗ್ಗದಿಂದ ಕೈಯಲ್ಲಿ ತಿರುಗಿಸುತ್ತಿದ್ದ ಕಡೆತದ ಕೆಲಸಕ್ಕೆ ಕಾಲಕ್ರಮದಲ್ಲಿ ವಿದ್ಯುಚ್ಛಕ್ತಿಯ ಬಲ ದೊರೆಯಿತು. ಕೆಲಸ ಶೀಘ್ರವಾಯಿತು, ವಸ್ತುಗಳ ಬಗೆಗಳೂ ಹೆಚ್ಚಿದವು. ಲೇಖನಿಯೂ ಅಂತಹ ಒಂದು ಬಗೆ.

ಲೇಖನಿಯನ್ನು ಮಾಡುವ ಕ್ರಮ ಸರಳವಾಗಿದೆ. ಚೌಕಾಕಾರದ ಸಣ್ಣ ಮರದ ತುಂಡಿನ ನಡುವೆ ಸುಮಾರು 7 ಮಿಲಿಮೀಟರು ಅಗಲದ ರಂಧ್ರವನ್ನು ಕೊರೆದು, ಅದರೊಳಗೆ ತೆಳುವಾದ ಹಿತ್ತಾಳೆಯ ನಳಿಕೆಯನ್ನು ಅಂಟು ಹಚ್ಚಿ ಸೇರಿಸುತ್ತಾರೆ. ಅಂಟು ಒಣಗಿದ ಮೇಲೆ ತುಂಡನ್ನು ಲೇತಿಗೆ ಏರಿಸಿ ದುಂಡಗೆ ಕಡೆದು, ನಯಗೊಳಿಸಿ, ತುದಿಯ ಲೋಹದ ಭಾಗಗಳನ್ನು ನಳಿಕೆಗೆ ಒತ್ತಿ ಕೂಡಿಸುತ್ತಾರೆ. ಕಡೆದ ಬಳಿಕ ಮರದ ಗೋಡೆ ಒಂದೆರಡು ಮಿಲಿಮೀಟರಿನಷ್ಟು ಮಾತ್ರ ಉಳಿಯುವುದರಿಂದ ಭಾರವೆಲ್ಲ ಅಂಟಿನ ಮೇಲೆಯೇ ಬೀಳುತ್ತದೆ. ಮಳೆಗಾಲದ ತೇವಕ್ಕೆ ಮರ ಉಬ್ಬುತ್ತದೆ, ಬೇಸಗೆಯಲ್ಲಿ ಕುಗ್ಗುತ್ತದೆ. ಹಿತ್ತಾಳೆ ತೇವಕ್ಕೆ ಅಲುಗುವುದಿಲ್ಲ. ಬರೆಯುವವನ ಬೆರಳಿನ ಬೆವರು ಬೇರೆ. ಈ ಎಲ್ಲವನ್ನೂ ತಡೆದುಕೊಳ್ಳದ ಅಂಟು ವರ್ಷದೊಳಗೆ ಬಿಟ್ಟುಹೋಗಿ ಮರ ಸೀಳುತ್ತದೆ. ಆದುದರಿಂದ ಅಂಟಿನ ಆಯ್ಕೆ ಕುಶಲಕರ್ಮಿಗೆ ಕಸುಬಿನ ಪ್ರಶ್ನೆ, ಕೊಳ್ಳುವ ಶ್ರಾವಕನಿಗೆ ಧರ್ಮದ ಪ್ರಶ್ನೆ.

ಭಾರತದಲ್ಲಿ ಅಂಟಿನ ಪಾಕಗಳನ್ನು ವಿವರವಾಗಿ ಹೇಳುವ ಹಳೆಯ ಗ್ರಂಥಗಳಲ್ಲಿ ಆರನೆಯ ಶತಮಾನದ ವರಾಹಮಿಹಿರನ ಬೃಹತ್ಸಂಹಿತೆ ಪ್ರಮುಖವಾದುದು. ದೇವಾಲಯ, ಪ್ರತಿಮೆ, ಗೋಡೆಗಳಿಗೆ ಲೇಪಿಸುವ ವಜ್ರಲೇಪಗಳನ್ನು ಅದು ವರ್ಣಿಸುತ್ತದೆ. ಅಲ್ಲಿಯ ಮೊದಲನೆಯ ಪಾಕದಲ್ಲಿ ಎಳೆಯ ತೂಬರೆ ಕಾಯಿ, ಬೇಲದ ಕಾಯಿ, ಬೂರುಗದ ಹೂವು ಮೊದಲಾದವನ್ನು ನೀರಿನಲ್ಲಿ ಎಂಟನೆಯ ಒಂದು ಭಾಗಕ್ಕೆ ಬತ್ತುವಂತೆ ಕುದಿಸಿ, ಅದಕ್ಕೆ ಗುಗ್ಗುಳ ಮುಂತಾದ ಮರದ ರಾಳಗಳನ್ನೂ ಅಗಸೆ, ಬಿಲ್ವಗಳನ್ನೂ ಸೇರಿಸಲಾಗುತ್ತದೆ. ಇದು ಬಹುತೇಕ ಸಸ್ಯಜನ್ಯವಾದ ಲೇಪ. ಎರಡನೆಯದರಲ್ಲಿ ಅರಗು ಪ್ರವೇಶಿಸುತ್ತದೆ. ಮತ್ತೊಂದರಲ್ಲಿ ಪಶುಗಳ ಕೊಂಬು, ಕೂದಲು, ಎಮ್ಮೆಯ ಹಾಗೂ ಹಸುವಿನ ತೊಗಲು ಬರುತ್ತವೆ. ಕೊನೆಯದು ಸೀಸ, ಕಂಚು ಮೊದಲಾದ ಲೋಹಗಳ ಮಿಶ್ರಣ. ಸಸ್ಯ, ಕೀಟ, ಪಶು, ಲೋಹ ಎಂಬ ನಾಲ್ಕು ಮೂಲಗಳೂ ಒಂದೇ ಅಧ್ಯಾಯದಲ್ಲಿ ಸಾಲಾಗಿ ನಿಂತಿವೆ. ಅಂದಿನ ಶಿಲ್ಪಿಗೂ ಆಯ್ಕೆಯ ಅವಕಾಶವಿತ್ತು ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಕರ್ನಾಟಕದ ಸಾಕ್ಷ್ಯ ಹನ್ನೆರಡನೆಯ ಶತಮಾನದಲ್ಲಿ ದೊರೆಯುತ್ತದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ರಚಿಸಿದ ಮಾನಸೋಲ್ಲಾಸದ ಚಿತ್ರಕರ್ಮದ ಭಾಗದಲ್ಲಿ ವಜ್ರಲೇಪವೆಂದರೆ ಎಮ್ಮೆಯ ತೊಗಲಿನ ಅಂಟು. ಹಸಿಯ ತೊಗಲನ್ನು ಬೆಣ್ಣೆಯಂತೆ ಮೃದುವಾಗುವವರೆಗೆ ನೀರಿನಲ್ಲಿ ಬೇಯಿಸಿ, ಒಣಗಿಸಿಟ್ಟುಕೊಂಡು, ಬೇಕೆಂದಾಗ ಬಿಸಿನೀರಿನಲ್ಲಿ ಕರಗಿಸಿ ಬಣ್ಣಕ್ಕೆ ಬೆರೆಸುವ ವಿಧಾನವದು. ಕನ್ನಡದಲ್ಲಿ ಬಡಗಿಯ ಅಂಟಿಗಿರುವ ಮರವಜ್ರ ಎಂಬ ಹೆಸರು ಈ ವಜ್ರಲೇಪವನ್ನೇ ನೆನಪಿಗೆ ತರುತ್ತದೆ. ಸರೇಸು ಎಂದು ಕರೆಯಲಾದುದೂ ಅದೇ. ತೊಗಲು, ಮೂಳೆ, ನರಗಳನ್ನು ಬೇಯಿಸಿದಾಗ ಹೊರಬರುವ ಸಾರವೇ ಅದರ ಜೀವಾಳ. ಬಿಸಿ ಇರುವಾಗ ಹಚ್ಚಬೇಕು, ತಣಿದೊಡನೆ ಗಟ್ಟಿಯಾಗುತ್ತದೆ, ತೇವ ತಗುಲಿದರೆ ಮತ್ತೆ ಸಡಿಲವಾಗುತ್ತದೆ. ಫೆವಿಕಾಲಿನಂತಹ ಬಿಳಿಯ ಅಂಟು ಬರುವವರೆಗೆ ದೇಶದ ಬಡಗಿಗಳು ಒಲೆಯ ಮೇಲೆ ಕಾಯಿಸಿ ಬಳಸುತ್ತಿದ್ದ ಅಂಟು ಇದೇ ಆಗಿತ್ತು. ಮನೆಯಲ್ಲಿ ಚರ್ಮದ ವಸ್ತುವನ್ನು ದೂರವಿಟ್ಟ ಶ್ರಾವಕನು ಅದೇ ಮನೆಯ ಶಾಸ್ತ್ರದ ಪೀಠದ ಸಂದುಗಳಲ್ಲಿ ತೊಗಲಿನ ಸಾರವಿರಬಹುದೆಂಬುದನ್ನು ಅರಿಯದೆ ಇದ್ದಿರುವ ಸಂಭವ ಸಾಕಷ್ಟಿದೆ.

ಸಸ್ಯಜನ್ಯವಾದ ಅಂಟಿನ ಪರಂಪರೆಯೂ ಈ ನಾಡಿನಲ್ಲಿ ಅಷ್ಟೇ ಗಟ್ಟಿಯಾಗಿತ್ತು. ಅದಕ್ಕೆ ಉತ್ತಮ ನಿದರ್ಶನ ಕನ್ನಡ ವರ್ತಕರ ಲೆಕ್ಕದ ಪುಸ್ತಕವಾಗಿದ್ದ ಕಡತ. ಇಂದು ಕಚೇರಿಯ ಫೈಲಿಗೆ ಕಡತವೆನ್ನುತ್ತಾರೆ. ಮೂಲದಲ್ಲಿ ಕಡತವೆಂದರೆ ಹುಣಸೆಬೀಜದ ಸರಿಯನ್ನು ಬಳಿದು, ಇದ್ದಿಲಿನಿಂದ ಕಪ್ಪಾಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿಟ್ಟ ಬಟ್ಟೆ. ಅದರ ಮೇಲೆ ಬಳಪದಿಂದ ಬರೆಯುತ್ತಿದ್ದರು. ಶೃಂಗೇರಿಯ ಮಠದಲ್ಲಿ ಇಂತಹ ಕಡತಗಳ ಸಂಗ್ರಹವಿದ್ದುದನ್ನು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಜರ್ಮನ್ ವಿದ್ವಾಂಸ ಬ್ಯೂಲರ್ ತನ್ನ ಲಿಪಿಶಾಸ್ತ್ರ ಗ್ರಂಥದಲ್ಲಿ ಉಲ್ಲೇಖಿಸಿದ್ದಾನೆ. ಕನ್ನಡದ ವ್ಯಾಪಾರಿಗಳು ಲೆಕ್ಕಕ್ಕೆ ಅದನ್ನು ಬಳಸುತ್ತಿದ್ದುದನ್ನೂ ಹೇಳಿದ್ದಾನೆ. ಕೊಟ್ಟದ್ದು, ಕೊಂಡದ್ದು, ಬಡ್ಡಿ, ಬಾಕಿ ಎಲ್ಲವೂ ನಿಂತಿದ್ದುದು ಹುಣಸೆಯ ಅಂಟಿನ ಮೇಲೆ. ಕೊಪ್ಪಳದ ಹತ್ತಿರದ ಕಿನ್ನಾಳದಲ್ಲಿ ಇಂದಿಗೂ ಮರದ ಬೊಂಬೆಗಳ ಭಾಗಗಳನ್ನು ಕೂಡಿಸಲು ಸೆಣಬಿನ ಪುಡಿ, ಮರದ ಹೊಟ್ಟು ಮತ್ತು ಹುಣಸೆಬೀಜದ ಸರಿಯನ್ನು ಕಲಸಿದ ಕಿಟ್ಟವೆಂಬ ಪಾಕವೇ ಆಧಾರ. ಮೂಲಸಂಘದ ಕ್ರಾಣೂರ್ಗಣದಲ್ಲಿ ತಿಂತ್ರಿಣೀಗಚ್ಛವೆಂಬ ಪ್ರಸಿದ್ಧ ಮುನಿಪರಂಪರೆಯಿತ್ತು. ತಿಂತ್ರಿಣಿ ಎಂದರೆ ಹುಣಸೆ. ಅಂಟಿಗೂ ಆ ಹೆಸರಿಗೂ ಸಂಬಂಧವಿಲ್ಲದಿದ್ದರೂ ಹುಣಸೆಮರ ಈ ನಾಡಿನ ಜೈನ ಬದುಕಿಗೆ ಎಷ್ಟು ಪರಿಚಿತವಾಗಿತ್ತೆಂಬುದನ್ನು ಅದು ಸೂಚಿಸುತ್ತದೆ. ಮದ್ದೂರು ತಾಲ್ಲೂಕಿನ ಅರೆತಿಪ್ಪೂರಿನ ಬೆಟ್ಟದ ಜೈನ ಅವಶೇಷಗಳನ್ನು ನೋಡಲು ಹೋಗುವವರಿಗೆ ಹಾದಿಬದಿಯಲ್ಲಿ ಹುಣಸೆಮರಗಳ ನೆರಳು ಇಂದಿಗೂ ಅಪರೂಪವಲ್ಲ.

ಹುಣಸೆಬೀಜವನ್ನು ಹುರಿದು, ಸಿಪ್ಪೆ ತೆಗೆದು, ನೆನೆಯಿಸಿ, ಅರೆದು, ನೀರಿನಲ್ಲಿ ಬೇಯಿಸಿದರೆ ಗಟ್ಟಿಯಾದ ಸರಿ ದೊರೆಯುತ್ತದೆ. ಬಟ್ಟೆ, ಕಾಗದ, ಮರ ಇವುಗಳಿಗೆ ಅದು ಚೆನ್ನಾಗಿ ಹಿಡಿಯುತ್ತದೆ. ಆದರೆ ನುಣುಪಾದ ಹಿತ್ತಾಳೆಯನ್ನು ಅದು ಹಿಡಿಯಲಾರದು. ತೇವದಲ್ಲಿ ಬೂಷ್ಟು ಬರುತ್ತದೆ, ಹುಳು ತಿನ್ನುತ್ತದೆ. ಹುಳು ಬಾರದಂತೆ ರಟ್ಟು ಕಟ್ಟುವವರು ಸರಿಯಲ್ಲಿ ಮೈಲುತುತ್ತವನ್ನು ಬೆರೆಸುವುದುಂಟು. ಹಾಗೆ ಬೆರೆಸಿದಾಗ ಸಸ್ಯದ ಅಂಟೂ ಸಣ್ಣ ಜೀವಿಗಳಿಗೆ ವಿಷವಾಗುತ್ತದೆ. ಸಸ್ಯಜನ್ಯವೆಂಬ ಒಂದೇ ಮಾತಿನಿಂದ ವಿಚಾರ ಮುಗಿಯುವುದಿಲ್ಲವೆಂಬುದಕ್ಕೆ ಇದೊಂದು ಎಚ್ಚರಿಕೆ.

ಅರಗಿನ ವಿಷಯ ಇನ್ನೂ ಸೂಕ್ಷ್ಮವಾದುದು. ಮುತ್ತುಗ, ಬೋರೆ, ಸಾಗಡೆ ಮೊದಲಾದ ಮರಗಳ ಎಳೆಯ ಕೊಂಬೆಗಳಲ್ಲಿ ನೆಲೆಸುವ ಸಣ್ಣ ಕೀಟಗಳು ಸ್ರವಿಸಿದ ರಾಳವೇ ಅರಗು. ಕೊಂಬೆಯಿಂದ ಕೆರೆದು, ತೊಳೆದು, ಕರಗಿಸುವಾಗ ಅಸಂಖ್ಯಾತ ಕೀಟಗಳು ಸಾಯುತ್ತವೆ. ಮರದಿಂದ ಸಿಗುವುದರಿಂದ ಅದನ್ನು ಮರದ ಗೋಂದೆಂದು ತಿಳಿಯುವವರು ಬಹಳ ಮಂದಿ. ಪ್ರಾಚೀನ ಜೈನಾಚಾರ್ಯರು ಹಾಗೆ ಭ್ರಮಿಸಲಿಲ್ಲ. ಉಪಾಸಕದಶಾಂಗವು ಗೃಹಸ್ಥನು ವರ್ಜಿಸಬೇಕಾದ ಹದಿನೈದು ಕರ್ಮಾದಾನಗಳನ್ನು ಹೇಳುವಾಗ ದಂತವಾಣಿಜ್ಯ, ವಿಷವಾಣಿಜ್ಯಗಳ ಜೊತೆಗೆ ಲಾಕ್ಷಾವಾಣಿಜ್ಯವನ್ನೂ, ಅಂದರೆ ಅರಗಿನ ವ್ಯಾಪಾರವನ್ನೂ ಹೆಸರಿಸುತ್ತದೆ. ಹನ್ನೆರಡನೆಯ ಶತಮಾನದ ಹೇಮಚಂದ್ರಾಚಾರ್ಯರ ಯೋಗಶಾಸ್ತ್ರ ಅದನ್ನು ವಿವರಿಸುತ್ತದೆ. ದಿಗಂಬರ ಪರಂಪರೆಯಲ್ಲಿ ಹದಿಮೂರನೆಯ ಶತಮಾನದ ಪಂಡಿತ ಆಶಾಧರರ ಸಾಗಾರಧರ್ಮಾಮೃತವೂ ಇಂತಹ ಖರಕರ್ಮಗಳನ್ನು ಗಣಿಸುತ್ತದೆ. ಸೂಕ್ಷ್ಮದರ್ಶಕವಿಲ್ಲದ ಕಾಲದಲ್ಲಿ ವಸ್ತುವಿನ ಮೂಲವನ್ನು ಇಷ್ಟು ಜಾಗ್ರತೆಯಿಂದ ವಿಚಾರಿಸಿದ ಆ ದೃಷ್ಟಿ ಆಶ್ಚರ್ಯಕರವಾಗಿದೆ.

ಆದರೆ ಅರಗು ನಾಡಿನ ಬದುಕಿನಲ್ಲಿ ಆಳವಾಗಿ ಬೇರೂರಿತ್ತು. ಪತ್ರಗಳಿಗೂ ಪಾರ್ಸಲುಗಳಿಗೂ ಒತ್ತುವ ಮುದ್ರೆ, ಪೀಠೋಪಕರಣಗಳ ಹೊಳಪು, ಬಳೆ, ಬೊಂಬೆ ಎಲ್ಲೆಡೆ ಅದಿತ್ತು. 1937ರಲ್ಲಿ ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಲ್ಯಾಕ್ ಮತ್ತು ಪೇಂಟ್ ಕಾರ್ಖಾನೆಯೇ ಸ್ಥಾಪಿತವಾಯಿತು. ಮುಂದೆ 1962ರ ಚುನಾವಣೆಯಿಂದ ಮತದಾರರ ಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿಗೆ ಹೆಸರಾದುದು ಅದೇ ಕಾರ್ಖಾನೆ. ಚನ್ನಪಟ್ಟಣದ ಲೇಖನಿಯಲ್ಲಿ ಅರಗು ಸಾಮಾನ್ಯವಾಗಿ ಒಳಗಿನ ಅಂಟಾಗಿ ಬರುವುದಿಲ್ಲ, ಮೇಲಿನ ಹೊಳಪಾಗಿ ಬರುತ್ತದೆ. ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿದಾಗ ತಿಕ್ಕಾಟದ ಬಿಸಿಗೆ ಅದು ಕರಗಿ ಹಿಡಿಯುತ್ತದೆ. ಅರಿಸಿನ ಮೊದಲಾದ ಸಸ್ಯದ ಬಣ್ಣಗಳನ್ನು ಬಳಸಿದ್ದಾಗ ಮಾರಾಟಗಾರರು ಇದೆಲ್ಲವೂ ಸಸ್ಯಜನ್ಯವೆಂದು ಹೇಳುವುದುಂಟು. ಬಣ್ಣದ ಮಟ್ಟಿಗೆ ಆ ಮಾತು ನಿಜವಿರಬಹುದು, ಅರಗಿನ ಮಟ್ಟಿಗೆ ನಿಜವಲ್ಲ.

ಹಾಗಾದರೆ ಶ್ರಾವಕನು ಕಸುಬಿನವರನ್ನು ದೂರುತ್ತ ಕುಳಿತುಕೊಳ್ಳಬೇಕೆ? ಚರಿತ್ರೆ ಬೇರೆ ದಾರಿಯನ್ನು ತೋರಿಸುತ್ತದೆ. ಒಂಬತ್ತನೆಯ ಶತಮಾನದಲ್ಲಿ ರಾಷ್ಟ್ರಕೂಟ ನೃಪತುಂಗನ ಆಸ್ಥಾನದಲ್ಲಿ ಮಾಂಸಸೇವನೆಯ ನಿರರ್ಥಕತೆಯನ್ನು ವಾದಿಸಿದ ಉಗ್ರಾದಿತ್ಯಾಚಾರ್ಯರು ನಿಷೇಧವನ್ನು ಹೇಳಿ ಸುಮ್ಮನಾಗಲಿಲ್ಲ. ಮದ್ಯ, ಮಾಂಸ, ಮಧುಗಳಿಲ್ಲದ ಔಷಧಕ್ರಮವನ್ನು ಕಲ್ಯಾಣಕಾರಕವೆಂಬ ವೈದ್ಯಗ್ರಂಥದಲ್ಲಿ ರಚಿಸಿಕೊಟ್ಟರು. ರೋಗಿಗೆ ಗುಣವಾಗಬೇಕು, ಹಿಂಸೆಯೂ ತಪ್ಪಬೇಕು ಎಂಬುದು ಅವರ ನಿಲುವು. ಇನ್ನೊಂದು ನಿದರ್ಶನ ಮೈಸೂರಿನ ಬೀಟೆಮರದ ಕೆತ್ತುಪಟ್ಟಿಯ ಕೆಲಸ. ಅದರಲ್ಲಿ ಹಿಂದೆ ಆನೆಯ ದಂತವನ್ನು ಕೂರಿಸುತ್ತಿದ್ದರು. ವನ್ಯಜೀವಿ ಸಂರಕ್ಷಣಾ ಕಾಯಿದೆಗೆ 1986ರಲ್ಲಿ ತಂದ ತಿದ್ದುಪಡಿಯಿಂದ ಭಾರತೀಯ ಆನೆದಂತದ ವ್ಯಾಪಾರವೂ, 1991ರಲ್ಲಿ ಆಮದಾದ ಆಫ್ರಿಕದ ದಂತದ ವ್ಯಾಪಾರವೂ ನಿಷಿದ್ಧವಾದವು. ಕಲೆ ಅಳಿಯಲಿಲ್ಲ. ಬೇರೆ ಬೇರೆ ಬಣ್ಣದ ಮರಗಳು ಮತ್ತು ಪ್ಲಾಸ್ಟಿಕ್ ಆ ಸ್ಥಾನಕ್ಕೆ ಬಂದವು. ಕರ್ಮಾದಾನಗಳ ಪಟ್ಟಿಯಲ್ಲಿದ್ದ ದಂತವಾಣಿಜ್ಯವನ್ನು ದೇಶದ ಕಾನೂನು ಬಹುಕಾಲದ ಮೇಲೆ ತಾನೂ ಒಪ್ಪಿಕೊಂಡಂತಾಯಿತು.

ಅಂಟಿನಲ್ಲಿಯೂ ಇಪ್ಪತ್ತನೆಯ ಶತಮಾನ ಇಂತಹ ಬದಲಾವಣೆಯನ್ನು ತಂದಿತು. 1912ರಲ್ಲಿ ಜರ್ಮನಿಯ ಫ್ರಿಟ್ಸ್ ಕ್ಲಾಟೆ ಕಂಡುಹಿಡಿದ ಪಾಲಿವಿನೈಲ್ ಅಸಿಟೇಟ್ ಇಂದಿನ ಬಿಳಿಯ ಅಂಟಿಗೆ ಮೂಲ. ಭಾರತದಲ್ಲಿ 1959ರಲ್ಲಿ ಬಲವಂತ ಪಾರೇಖರು ಆರಂಭಿಸಿದ ಫೆವಿಕಾಲ್ ಬಡಗಿಯನ್ನು ಸರೇಸು ಕಾಯಿಸುವ ಕೆಲಸದಿಂದ ಬಿಡುಗಡೆ ಮಾಡಿತು. ಈ ಬದಲಾವಣೆಗೆ ಕಾರಣ ಅಹಿಂಸೆಯ ಉಪದೇಶವಲ್ಲ, ಕೆಲಸದ ಸೌಕರ್ಯ. ಆದರೂ ತೊಗಲಿನ ಅಂಟು ಅಸಂಖ್ಯಾತ ಮನೆಗಳ ಬಾಗಿಲು, ಮಂಚ, ಪೀಠಗಳಿಂದ ಸದ್ದಿಲ್ಲದೆ ಹೊರಟುಹೋಯಿತು. ಎಪಾಕ್ಸಿ ಜಾತಿಯ ಅರಾಲ್ಡೈಟ್ 1946ರಲ್ಲಿ ಸ್ವಿಟ್ಜರ್ಲೆಂಡಿನಿಂದ ಬಂದಿತು. ಕ್ಷಣದಲ್ಲಿ ಹಿಡಿಯುವ ಸೈನೋಅಕ್ರಿಲೇಟ್ 1942ರಲ್ಲಿ ಅಮೆರಿಕದ ಹ್ಯಾರಿ ಕೂವರ್ ಅವರ ಪ್ರಯೋಗಗಳಲ್ಲಿ ಕಾಣಿಸಿಕೊಂಡು 1958ರಲ್ಲಿ ಮಾರುಕಟ್ಟೆಗೆ ಬಂದಿತು.

ಮರದ ಲೇಖನಿಗೆ ಇವುಗಳಲ್ಲಿ ಯಾವುದು ತಕ್ಕುದು? ಬಿಳಿಯ ಅಂಟು ನೀರು ಆವಿಯಾಗಿ ಗಟ್ಟಿಯಾಗುವಂಥದು. ಮರಕ್ಕೆ ಮರವನ್ನು ಕೂಡಿಸಲು ಅದು ಶ್ರೇಷ್ಠ, ನೀರು ಹೀರದ ಹಿತ್ತಾಳೆಯ ಮೇಲೆ ದುರ್ಬಲ. ಸೈನೋಅಕ್ರಿಲೇಟ್ ಶೀಘ್ರವಾಗಿ ಹಿಡಿಯುತ್ತದೆ; ನಳಿಕೆ ಅರ್ಧ ಹೋಗುವಷ್ಟರಲ್ಲಿಯೇ ಹಿಡಿದು ಕೆಲಸವನ್ನು ಕೆಡಿಸುವುದೂ ಉಂಟು. ಒಣಗಿದ ಮೇಲೆ ಅದು ಪೆಡಸಾಗುವುದರಿಂದ ಲೇಖನಿ ಕೆಳಗೆ ಬಿದ್ದಾಗ ಬಿಟ್ಟುಬಿಡಬಹುದು. ಎರಡು ಭಾಗಗಳನ್ನು ಸಮನಾಗಿ ಬೆರೆಸುವ ಎಪಾಕ್ಸಿ ನಿಧಾನವಾಗಿ ಗಟ್ಟಿಯಾದರೂ ಸಂದುಗಳನ್ನು ತುಂಬಿ, ಮರವನ್ನೂ ಲೋಹವನ್ನೂ ಒಂದೇ ಬಗೆಯಾಗಿ ಹಿಡಿಯುತ್ತದೆ. ನಳಿಕೆಯ ಮೈಯನ್ನು ಉಪ್ಪುಕಾಗದದಿಂದ ಉಜ್ಜಿ ಒರಟಾಗಿಸಿ, ತೇಗ, ಬೀಟೆಗಳಂತಹ ಎಣ್ಣೆಯ ಅಂಶವುಳ್ಳ ಮರವಾದರೆ ರಂಧ್ರವನ್ನು ಸ್ಪಿರಿಟಿನಿಂದ ಒರೆಸಿ, ಒಂದು ದಿನ ಒಣಗಲು ಬಿಟ್ಟರೆ ಆ ಬೆಸುಗೆ ಬಹುಕಾಲ ಬಾಳುತ್ತದೆ.

ಇಷ್ಟಕ್ಕೆ ಧರ್ಮದ ಲೆಕ್ಕ ತೀರಿತೆಂದು ಭಾವಿಸಬಾರದು. ಎಪಾಕ್ಸಿಯ ಗಟ್ಟಿಕಾರಕವು ಕೆಲವರ ಚರ್ಮಕ್ಕೆ ಅಲರ್ಜಿಯನ್ನು ಉಂಟುಮಾಡುತ್ತದೆ. ಸೈನೋಅಕ್ರಿಲೇಟಿನ ಆವಿ ಕಣ್ಣು ಮೂಗುಗಳನ್ನು ಉರಿಸುತ್ತದೆ. ಪ್ಲೈವುಡ್ಡಿನ ಹಲವು ಅಂಟುಗಳಲ್ಲಿರುವ ಫಾರ್ಮಾಲ್ಡಿಹೈಡನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಕ್ಯಾನ್ಸರ್‌ಕಾರಕವೆಂದು ವರ್ಗೀಕರಿಸಿತು. ಕೀಟವನ್ನು ಉಳಿಸಿದೆವೆಂದು ಸಮಾಧಾನಪಟ್ಟು, ಕಿಟಕಿಯಿಲ್ಲದ ಕೊಠಡಿಯಲ್ಲಿ ಕೆಲಸ ಮಾಡುವ ಪಂಚೇಂದ್ರಿಯ ಜೀವನಾದ ಕೂಲಿಕಾರನ ಶ್ವಾಸಕೋಶವನ್ನು ಮರೆತರೆ ಅದು ಅಹಿಂಸೆಯೆನಿಸದು. ಹಿಂಸೆಯ ಲಕ್ಷಣವನ್ನು ಹೇಳುವಾಗ ತತ್ತ್ವಾರ್ಥಸೂತ್ರಕಾರರು ಪ್ರಮಾದಕ್ಕೆ, ಅಂದರೆ ಅಜಾಗ್ರತೆಗೆ, ಮೊದಲ ಸ್ಥಾನವನ್ನು ಕೊಟ್ಟಿದ್ದಾರೆ. ಗೃಹಸ್ಥನಿಗೆ ಉದ್ಯೋಗದಲ್ಲಿ ಒದಗುವ ಹಿಂಸೆ ಪೂರ್ತಿಯಾಗಿ ತಪ್ಪದು. ಅದನ್ನು ಅರಿತು ಕಡಿಮೆ ಮಾಡಿಕೊಳ್ಳುವ ಯತ್ನಾಚಾರ ಅವನ ಕೈಯಲ್ಲಿದೆ.

ಅದಕ್ಕೆ ಸಂಬಂಧಿಸಿದ ಇನ್ನೊಂದು ವ್ರತವನ್ನು ವರ್ತಕನು ಮರೆಯಲಾಗದು. ಅಚೌರ್ಯವ್ರತದ ಅತಿಚಾರಗಳಲ್ಲಿ ಪ್ರತಿರೂಪಕ ವ್ಯವಹಾರವೂ ಒಂದು. ಒಂದು ವಸ್ತುವನ್ನು ತೋರಿಸಿ ಅದರಂತೆಯೇ ಕಾಣುವ ಬೇರೊಂದನ್ನು ಮಾರುವುದೇ ಅದು. ಅರಗಿನ ಹೊಳಪನ್ನು ಸಸ್ಯದ ಹೊಳಪೆಂದು ಮಾರುವುದು, ರಾಸಾಯನಿಕ ಅಂಟನ್ನು ನೈಸರ್ಗಿಕ ಗೋಂದೆಂದು ಹೇಳುವುದು, ಅಹಿಂಸೆಯ ಹೆಸರಿನಲ್ಲಿ ಹುಣಸೆಯ ಸರಿಯನ್ನು ಹಿತ್ತಾಳೆಗೆ ಬಳಿದು ಮೂರು ತಿಂಗಳಲ್ಲಿ ಬಿಟ್ಟುಹೋಗುವ ಲೇಖನಿಗೆ ಪೂರ್ತಿ ಬೆಲೆ ಪಡೆಯುವುದು, ಈ ಮೂರೂ ಆ ಅತಿಚಾರದ ನೆರಳಿನಲ್ಲಿಯೇ ಬರುತ್ತವೆ. ಕೊಳ್ಳುವವನು ಕೇಳದಿದ್ದರೂ ಮಾರುವವನು ಹೇಳುವುದು ಉತ್ತಮ. ಮಾರುವವನು ಹೇಳದಿದ್ದರೆ ಕೊಳ್ಳುವವನು ಒಳಗಿನ ಅಂಟು ಯಾವುದು, ಹೊರಗಿನ ಹೊಳಪು ಯಾವುದು ಎಂಬ ಎರಡು ಪ್ರಶ್ನೆಗಳನ್ನು ಸೌಜನ್ಯದಿಂದ ಕೇಳುವುದು ಉಚಿತ. ನೂರು ಲೇಖನಿಗಳನ್ನು ಒಟ್ಟಿಗೆ ಮಾಡಿಸುವ ಬಸದಿಯ ಸಮಿತಿಗೋ ಪಾಠಶಾಲೆಗೋ ಆರ್ಡರ್ ಚೀಟಿಯಲ್ಲಿಯೇ ಇದನ್ನು ನಮೂದಿಸುವುದು ಕಷ್ಟವಲ್ಲ. ಅರಗಿನ ಬದಲು ಅಗಸೆ ಎಣ್ಣೆಯಿಂದ ಉಜ್ಜಿ ನಯಗೊಳಿಸಬೇಕೆಂದು ಕೋರಿದರೆ ಅದೇ ಲೇತು, ಅದೇ ಕೈ ಆ ಕೆಲಸವನ್ನೂ ಮಾಡುತ್ತದೆ. ಎಣ್ಣೆಯ ಪದರ ಒಣಗಲು ದಿನಗಳು ಹಿಡಿಯುವುದರಿಂದ ಅಷ್ಟು ಹೆಚ್ಚಿನ ಕೂಲಿಯನ್ನು ಕೊಡಬೇಕಾದುದು ನ್ಯಾಯ. ಜೇನುಮೇಣದ ಹೊಳಪು ಮಧುತ್ಯಾಗಿಗಳಿಗೆ ಒಗ್ಗದೆಂಬುದನ್ನೂ ಮೊದಲೇ ತಿಳಿಸಬೇಕು.

ಕೊನೆಗೆ, ಅಂಟೇ ಬೇಡದ ದಾರಿಯೊಂದಿದೆ. ಹಿತ್ತಾಳೆಯ ನಳಿಕೆಯನ್ನು ಬಿಟ್ಟು, ಮರದಲ್ಲಿಯೇ ರೀಫಿಲ್ಲಿನ ಅಳತೆಗೆ ರಂಧ್ರ ಕೊರೆದು, ಮುಚ್ಚಳವನ್ನು ಒಳಗೆ ಬಿಗಿಯಾಗಿ ಕೂರುವಂತೆ ಕಡೆದರೆ ಲೇಖನಿ ಸಿದ್ಧವಾಗುತ್ತದೆ. ಕುಂಕುಮದ ಭರಣಿಗೆ ಮುಚ್ಚಳವನ್ನು ಕೂರಿಸಿದ ಕೈಗಳಿಗೆ ಅದು ಹೊಸ ವಿದ್ಯೆಯಲ್ಲ. ಅಂತಹ ಲೇಖನಿ ತುಸು ದಪ್ಪವಾಗಿರುತ್ತದೆ, ಪೇಟೆಯ ಲೇಖನಿಯಷ್ಟು ಮಿಂಚುವುದಿಲ್ಲ. ಶ್ರುತಪಂಚಮಿಯ ಬೆಳಿಗ್ಗೆ ಮಗುವಿನ ಕೈಗೆ ಅದನ್ನು ಕೊಡುವ ಶ್ರಾವಕನಿಗೆ, ಇದರಲ್ಲಿ ಏನಿದೆಯೆಂದು ಮಗು ಕೇಳಿದರೆ, ಮರ, ಎಣ್ಣೆ, ಶಾಯಿ ಎಂದು ಸಂಕೋಚವಿಲ್ಲದೆ ಹೇಳಬಹುದು. ನಳಿಕೆಯಿರುವ ಲೇಖನಿಯನ್ನು ಕೊಡುವವನೂ ವಿಚಾರಿಸಿ ತಿಳಿದುಕೊಂಡಿದ್ದರೆ ಅದರ ಅಂಟಿನ ಹೆಸರನ್ನು ಅಷ್ಟೇ ನೇರವಾಗಿ ಹೇಳಬಲ್ಲನು.